ಕಣ್ಣಿನ ವಾರ್ಡಿನ ಬಾಗಿಲು

ಹದಿನೆಂಟು ತಿಂಗಳು ಹೆರಿಗೆ ಕೆಲಸವನ್ನೇ ಕಲಿತು ಬಂದಿದ್ದ ನರ್ಸ್ ಅಂಬಿಕಾಳನ್ನು ಹೆರಿಗೆ ವಾರ್ಡಿನಿಂದ ತೆಗೆದು ಕಣ್ಣಿನ ವಾರ್ಡಿಗೆ ಹಾಕಿದರು.

ಸಿಂಧನೂರಿನಲ್ಲಿ ಅಮರಗುಂಡಪ್ಪ ಸಾಹುಕಾರರ ಟ್ರಸ್ಟಿನ ಆಸ್ಪತ್ರೆ ಅದು. ಕೋರ್ಸಿಗೆ ಕಳಿಸಿದವರೂ ಅವರೇ. ಸಹಜ ಹೆರಿಗೆಯನ್ನು ಡಾಕ್ಟರ ಅಪ್ಪಣೆಗೆ ಕಾಯದೆ ತಾನೇ ನಡೆಸಬಲ್ಲ ನರ್ಸು ಬಂದಳೆಂದು ಶಾಲು ಹೊದಿಸಿ, ಫೋಟೋ ತೆಗೆಸಿ, ಹೆಬ್ಬಾಗಿಲಲ್ಲೇ ತೂಗುಹಾಕಿದ್ದರು. ಫೋಟೋ ಈಗಲೂ ಅಲ್ಲೇ ಇದೆ. ಹುದ್ದೆ ಮಾತ್ರ ಇಲ್ಲ. ಕೇಳಿದ್ದಕ್ಕೆ ಸೂಪರಿಂಟೆಂಡೆಂಟ್ ಸಾಹೇಬರು, ಮೂರು ತಿಂಗಳಿಗೊಮ್ಮೆ ಎಲ್ಲ ನರ್ಸುಗಳ ವಾರ್ಡೂ ಬದಲಾಗುವುದು ಇಲ್ಲಿನ ರಿವಾಜು, ನಿನ್ನೊಬ್ಬಳಿಗಾಗಿ ಅದನ್ನು ಮುರಿದರೆ ನಾಳೆ ಎಲ್ಲರೂ ಒಂದೊಂದು ಸರ್ಟಿಫಿಕೇಟು ಹಿಡಿದು ಬರುತ್ತಾರೆ ಎಂದರು. ಅಂಬಿಕಾ ಮತ್ತೆ ಹೋಗಿ ಕೈಮುಗಿದಳು. ಆಮೇಲೆ ಅವಳನ್ನು ಸಾಹೇಬರ ಕೋಣೆಯೊಳಗೇ ಬಿಡಲಿಲ್ಲ.

ಅವಳನ್ನು ಕೊರೆಯುತ್ತಿದ್ದುದು ಬಳಗಾನೂರಿನ ದುರ್ಗಾದೇವಿಗೆ ಕೊಟ್ಟ ಮಾತು. ಆಕೆಯ ಮೊದಲ ಹೆರಿಗೆ ಲಿಂಗಸುಗೂರು ಕಡೆಯ ಒಂದು ನರ್ಸಿಂಗ್ ಹೋಮಿನಲ್ಲಿ, ಮೇಜಿನ ಮೇಲೆ ಅಂಗಾತ ಮಲಗಿಸಿ, ತೊಡೆಗೆ ಬಾರಿಸಿ, ಬೈದು ಮಾಡಿಸಿದ್ದು. ಈ ಸಲ ಹಾಗಾಗುವುದಿಲ್ಲ, ನಡೆದಾಡು, ಕುಕ್ಕರಗಾಲಲ್ಲಿ ಕೂಡು, ಬೆನ್ನ ಹಿಂದೆ ನಾನಿರುತ್ತೇನೆ ಎಂದು ತಪಾಸಣೆಗೆ ಬಂದಾಗಲೆಲ್ಲ ಅಂಬಿಕಾ ಧೈರ್ಯ ತುಂಬಿದ್ದಳು.

ಒಂದು ಮಧ್ಯಾಹ್ನ ದುರ್ಗಾದೇವಿ ಅತ್ತೆ ಆದೆಮ್ಮನ ಹೆಗಲು ಹಿಡಿದು ಬಂದಳು. ಹೆರಿಗೆ ವಾರ್ಡಿನಲ್ಲಿ ಅಂಬಿಕಾ ಕಾಣಲಿಲ್ಲ. ಮೇಜು ಕಂಡಿತು. ತಿರುಗಿ ಹೊರಬಿದ್ದವಳು ವರಾಂಡದುದ್ದಕ್ಕೂ ಗೋಡೆ ಹಿಡಿದು ನಡೆದು, ಕಣ್ಣಿನ ವಾರ್ಡಿನ ಬಾಗಿಲಲ್ಲಿ ಕುಸಿದು ಕೂತಳು.

"ಸಿಸ್ಟರ್, ಬಂದೀನ್ರೀ" ಎಂದಳು, ಅಷ್ಟೇ.

ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡಿದ್ದ ಮುದುಕ ಬಾಲಪ್ಪ ನರಳಾಟ ಕೇಳಿ, "ಯವ್ವಾ, ನನ್ನ ಕಣ್ಣಿಗಿಂತ ಮೊದಲ ನಿನ್ನ ಕೂಸಿನ ಕಣ್ಣ ತೆರೀತಾವ ಬಿಡು" ಎಂದ.

ಅಂಬಿಕಾ ಅವಳ ಸೊಂಟ ನೀವತೊಡಗಿದಳು. ಹೆರಿಗೆ ವಾರ್ಡಿಗೆ ಕಾಲಿಟ್ಟರೆ ಕೆಲಸ ಹೋಗುತ್ತದೆಂದು ಸಾಹೇಬರು ಬಾಯಿಬಿಟ್ಟೇ ಹೇಳಿದ್ದರು. ವರಾಂಡದ ನೆಲದ ಮೇಲೆ ಹೆರಿಸುವ ಹಾಗೂ ಇರಲಿಲ್ಲ. ಅಷ್ಟೆಲ್ಲ ಕಲಿತ ಕೈಗೆ ಈಗ ಉಳಿದದ್ದು ನೀವುವ ಕೆಲಸ ಒಂದೇ.

ಶಿವಕುಮಾರಿ ಬಂದಳು. ವರ್ಷಗಟ್ಟಲೆ ಕಣ್ಣಿನ ಆಪರೇಷನ್ನಿಗೆ ನಿಂತು ಪಳಗಿದ ಹಿರಿಯ ನರ್ಸು. ಅದೇ ರಿವಾಜು ಅವಳನ್ನು ಹೆರಿಗೆ ವಾರ್ಡಿಗೆ ಎಸೆದಿತ್ತು. ಅಂಬಿಕಾಳ ಮುಖ ನೋಡಲಾಗದೆ ಗೋಡೆಗೆ ಹೇಳಿದಂತೆ ಹೇಳಿದಳು:

"ಸಾಹೇಬ್ರು ಹೇಳಿ ಕಳಿಸ್ಯಾರವಾ. ಆಕಿ ನಿನ್ನ ಮಾತ ಕೇಳ್ತಾಳ. ಎದ್ದು ಹೋಗಿ ಮೇಜಿನ ಮ್ಯಾಲ ಮಕ್ಕೋ ಅಂತ ನೀನ ಹೇಳಬೇಕಂತ. ಹೇಳಿ, ನೀ ಇಲ್ಲೇ ಇರಬೇಕಂತ."

ದುರ್ಗಾದೇವಿ ತಲೆಯೆತ್ತಿ ಅಂಬಿಕಾಳನ್ನು ನೋಡಿದಳು. ನೋವು ಮತ್ತೆ ಬಂತು. ಅಂಬಿಕಾ ನೆಲಕ್ಕೆ ಕೂತು, ಹಿಂದಿನಿಂದ ಅವಳ ಭಾರವನ್ನು ಎದೆಗೆ ಆತುಕೊಂಡಳು.

"ನಾ ಹೇಳಂಗಿಲ್ರೀ ಅಕ್ಕಾರ."