ಬಾಯವ್ವ ಬಂದು ಕುಂತ ಮಧ್ಯಾಹ್ನ

ಲಕ್ವಾ ಹೊಡೆದು ಎಡಗೈ, ಎಡಗಾಲು ಸ್ವಾಧೀನ ತಪ್ಪಿದ ಮೇಲೆ ಯಾಕೋಬಪ್ಪ ಮಾಸ್ತರರಿಗೆ ರವಿವಾರವೇ ಎಲ್ಲಕ್ಕಿಂತ ಉದ್ದದ ದಿನ. ಮಗಳು ಸುನಂದಾ ಚಹಾ ಕುಡಿಸಿ, ಬಾಗಿಲು ಮುಂದೆ ಮಾಡಿ ಚರ್ಚಿಗೆ ಹೋದರೆ, ರಾಮದುರ್ಗದ ಆ ಓಣಿಯ ಮನೆಯಲ್ಲಿ ತಗಡಿನ ಮೇಲೆ ಅಳಿಲು ಓಡಾಡುವ ಸಪ್ಪಳವೊಂದೇ ಉಳಿಯುತ್ತಿತ್ತು.

ಇಪ್ಪತ್ತೆರಡು ವರ್ಷ ಚರ್ಚಿನ ಸಭೆಯ ಹಿರಿಯರಾಗಿದ್ದವರು ಅವರು. ಹಾಸಿಗೆ ಹಿಡಿದವರ ಮನೆಗಳಿಗೆ ಹೋಗಿ, "ದೇವರು ನಿಮ್ಮ ಮಗ್ಗಲದಾಗ ಅದಾನ್ರಿ, ಧೈರ್ಯ ಬಿಡಬ್ಯಾಡ್ರಿ" ಎಂದು ಹೇಳಿ, ಪ್ರಾರ್ಥನೆ ಮಾಡಿ ಬರುತ್ತಿದ್ದರು. ಹೋದ ತಿಂಗಳು ಹೊಸ ಪಾಸ್ಟರರು ಬಂದು ಅದೇ ಮಾತನ್ನು ಅವರಿಗೇ ಹೇಳಿದರು. ಹೇಳುವಾಗ ಎರಡು ಸಲ ಗಡಿಯಾರ ನೋಡಿಕೊಂಡರು. ಮಾಸ್ತರರಿಗೆ ಸಿಟ್ಟು ಬರಲಿಲ್ಲ, ನಾಚಿಕೆಯಾಯಿತು. ಬಸ್ಸಿನ ಹೊತ್ತಾಯಿತೆಂದು ತಾವೂ ಹೀಗೇ ಗಡಿಯಾರ ನೋಡಿಕೊಳ್ಳುತ್ತಿದ್ದರು. ಅಂದಿನಿಂದ ಪ್ರಾರ್ಥನೆಗೆ ಬಾಯಿಯೇ ಬರಲಿಲ್ಲ.

ಒಂದು ಶನಿವಾರ ಮಧ್ಯಾಹ್ನ ಸುನಂದಾ, "ಅಪ್ಪಾ, ತೊರಗಲ್ ಬಾಯವ್ವ ಬಂದಾಳ" ಎಂದಳು.

ಹಿಂದೆ ಕಾಲು ಮುರಿದು ಹನ್ನೊಂದು ತಿಂಗಳು ಮಲಗಿದ್ದ ಮುದುಕಿ. ಈಗ ಕೋಲೂರಿಕೊಂಡು, ತನ್ನೂರಿನಿಂದ ಬಸ್ಸು ಹತ್ತಿ ಬಂದಿದ್ದಳು. ಮಂಚದ ಪಕ್ಕ ಕುಳಿತಳು. ಮಾಸ್ತರರೇ ಮೊದಲು ತೊದಲಿದರು.

"ಬಾಯವ್ವ, ದೇವರು ಮಗ್ಗಲದಾಗ ಅದಾನ ಅಂತ ನಿನಗ ಹೇಳತಿದ್ದೆ. ಬರೇ ಬಾಯಿಪಾಠ ಅದು. ನನಗೇನೂ ಗೊತ್ತಿರಲಿಲ್ಲ."

"ನನಗ ಗೊತ್ತಿತ್ರಿ. ಪ್ರಾರ್ಥನಿ ಮಾಡೂಮುಂದ ನಿಮ್ಮ ಒಂದು ಕಣ್ಣು ಗಡಿಯಾರದ ಮ್ಯಾಲ ಇರತಿತ್ತು."

ಅವರು ಗೋಡೆಯ ಕಡೆ ಮುಖ ತಿರುಗಿಸಿದರು.

"ಆದ್ರ ನೀವು ಬರತಿದ್ರಿ. ನನ್ನ ಒಡಹುಟ್ಟಿದ ತಮ್ಮ ಒಂದು ದಿನಾ ಹಣಿಕಿ ಹಾಕಲಿಲ್ಲ. ನಿಮ್ಮ ಮಾತು ಒಂದೂ ನೆನಪಿಲ್ಲ ನನಗ. ನಿಮ್ಮ ಚಪ್ಪಲಿ ಸಪ್ಪಳ ಕೇಳಿದ್ರ, ದೇವರು ನನ್ನ ಮರತಿಲ್ಲ ಅನಸತಿತ್ತು."

"ನನ್ನ ಮರತಾನೇನು ಈಗ?"

"ಅವನ ಮನಸು ನನಗ ಹ್ಯಾಂಗ ಗೊತ್ತಾಗಬೇಕ್ರಿ? ದಿನಾ ನಿಮ್ಮ ಹೆಸರು ತಗೊಂಡು ಬೇಡಕೋತೇನಿ. ಇವತ್ತ ಹೋಗಬೇಕು ಅನಿಸ್ತು, ಬಂದೆ."

ಅವರ ಎಡಗೈ ಹಿಡಿದುಕೊಂಡಳು. "ಅದಕ್ಕ ಏನೂ ತಿಳಿಯೂದಿಲ್ಲ ಬಾಯವ್ವ" ಎಂದರು ಮಾಸ್ತರರು. ಆಕೆ ಎದ್ದು, ಕುಂಟುತ್ತಾ ಮಂಚ ಸುತ್ತಿ ಬಂದು ಬಲಗೈ ಹಿಡಿದಳು. ಹಾಗೇ ತಾಸುಗಟ್ಟಲೆ ಕುಳಿತಳು.

"ಇನ್ನೊಮ್ಮೆ ಬರಾಕ ಆಗತೈತೋ ಇಲ್ಲೋ, ಮೊಣಕಾಲು ಮಾತು ಕೇಳೂದಿಲ್ಲ" ಎಂದು ಹೇಳಿಯೇ ಹೋದಳು.

ಮನೆ ಮತ್ತೆ ಬಿಕೋ ಎಂದಿತು. ಮಾಸ್ತರರು ಕಣ್ಣು ಮುಚ್ಚಿದರು. "ದೇವರೇ, ಒಬ್ಬಂವನ ಆಗೇನಿ" ಎಂದರು. ಎಷ್ಟೋ ದಿನದ ಮೇಲೆ ಅಷ್ಟಾದರೂ ಹೇಳಿದ್ದರು.

ಸಂಜೆ ಮಗಳನ್ನು ಕರೆದು, ದೊಡವಾಡದ ಲಗಮಣ್ಣನಿಗೆ ಫೋನ್ ಹಚ್ಚಲು ಹೇಳಿದರು. ಆತ ಹಾಸಿಗೆ ಹಿಡಿದು ಮೂರು ವರ್ಷವಾಗಿತ್ತು; ಮಾಸ್ತರರು ಮೊದಲು ಅವನ ಮನೆಗೂ ಪ್ರಾರ್ಥನೆಗೆ ಹೋಗಿಬರುತ್ತಿದ್ದರು.

"ಲಗಮಣ್ಣ, ನಾನೂ ಮಲಗೇನಪಾ. ಹೊತ್ತು ಹೋಗವಲ್ದು. ನೀ ಹ್ಯಾಂಗ ಕಳೀತಿ?"

ಆ ಕಡೆಯಿಂದ ಲಗಮಣ್ಣ ನಿಧಾನವಾಗಿ ಹೇಳತೊಡಗಿದ. ಮಾಸ್ತರರು ನಡುವೆ ಬಾಯಿ ಹಾಕಲಿಲ್ಲ.