ಹೊತ್ತು ಮುಳುಗಿದ ಮೇಲೆ

"ಎಷ್ಟು ಬೆರಳು ಕಾಣತಾವವ್ವ?" ಡಾಕ್ಟರು ಎರಡು ಬೆರಳು ಹಿಡಿದು ಕೇಳಿದರು. ಅವರು ಗಡಹಿಂಗ್ಲಜದ ಕಡೆಯವರು, ಕೊಲ್ಹಾಪುರದ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದರೂ ಕನ್ನಡ ಬಿಟ್ಟಿರಲಿಲ್ಲ.

"ನಾಕು," ಎಂದಳು ಪ್ರಣಾಲಿ. ಅವಳ ಕಣ್ಣುಗುಡ್ಡೆಗಳು ಒಂದೆಡೆ ನಿಲ್ಲದೆ ಅದುರುತ್ತಿದ್ದವು. ತಮ್ಮೂರು ಇಚಲಕರಂಜಿಯಲ್ಲಿ ಕಾರು ಹತ್ತುವಾಗಲೇ ಕಾಲು ಊರಲಾರದೆ ಗಂಡ ಕೇತನನ ಮೈಮೇಲೆ ಬಿದ್ದಿದ್ದಳು. ಮಂಚದ ಪಕ್ಕ ಅತ್ತೆ ರತ್ನಮಾಲಾ ನಿಂತಿದ್ದಳು.

"ವಾಂತಿ ಯಾವಾಗಿಂದ?"

"ಎರಡ ತಿಂಗಳ ಮ್ಯಾಲಾತ್ರಿ. ಬಸರಾದವ್ರಿಗೆ ಆಗೂದ ಅಲ್ರಿ ಅಂತ..." ಕೇತನ ತಾಯಿಯ ಮುಖ ನೋಡಿದ.

"ಹೊಟ್ಟ್ಯಾಗ ಏನಾರ ನಿಂದರತಿತ್ತೇನು?"

ರತ್ನಮಾಲಾ ಸೊಸೆಯ ಹೊದಿಕೆ ಸರಿಪಡಿಸತೊಡಗಿದಳು. ಹಗಲೆಲ್ಲ ಕುಡಿದ ನೀರನ್ನೂ ಕಕ್ಕುತ್ತಿದ್ದ ಹುಡುಗಿಗೆ ಹೊತ್ತು ಮುಳುಗಿದ ಮೇಲೆ ವಾಕರಿಕೆ ತಗ್ಗುತ್ತಿತ್ತು. ಹಸಿವು ಆಗಲೇ, ಬಾಯಾರಿಕೆಯೂ ಆಗಲೇ. ಆದರೆ ಜೈನರ ಚಾತುರ್ಮಾಸ, ರಾತ್ರಿ ಹನಿ ನೀರೂ ಮುಟ್ಟದ ನೇಮವನ್ನು ಅತ್ತೆ ಸೊಸೆ ಇಬ್ಬರೂ ಹಿಡಿದಿದ್ದರು. ಬಸುರಿಗೆ ಬೇಡವೆಂದು ಬಸದಿಯ ಪಂಡಿತರೇ ಹೇಳಿದರೂ ಈ ಮಹಾತಾಯಿ ಕೇಳಬೇಕಲ್ಲ! "ನಮ್ಮ ಸೊಸಿ ಭಾಳ ಗಟ್ಟಿ ಅದಾಳ್ರಿ" ಎಂದು ನಾಲ್ಕು ಮಂದಿಯೆದುರು ಬೀಗಿದ್ದೇ ಬೀಗಿದ್ದು. "ಒಂದ ಗುಟುಕ್ರಿ, ಅತ್ತಿ" ಎಂದು ಸೊಸೆ ಅಂಗಲಾಚಿದಾಗ "ಬೆಳಕ ಹರೀಲಿ, ತಡಕೊ" ಎಂದು ತಲೆ ನೇವರಿಸಿದ್ದಳು. ಪ್ರೀತಿಯಿಂದಲೇ ನೇವರಿಸಿದ್ದಳು, ಪಾಪ.

ಸೋನೋಗ್ರಫಿ ಮುಗಿಸಿ ಬಂದ ಡಾಕ್ಟರು ತಾಯಿ ಮಗ ಇಬ್ಬರನ್ನೂ ಹೊರಗೆ ಕರೆದರು.

"ಕೂಸು ಉಳದಿಲ್ರಿ. ಹೊಟ್ಟಿಗೆ ಏನೂ ಇಲ್ಲದ್ದಕ್ಕ ಬಿ-ಒನ್ ಅನ್ನೂ ಜೀವಸತ್ವ ಬತ್ತಿ ಮಿದುಳಿಗೆ ಪೆಟ್ಟ ಬಿದ್ದೈತಿ. ನಿಮ್ಮ ಓಣಿ ದವಾಖಾನ್ಯಾಗ ಅದನ್ನ ಕೊಡದ ಬರೇ ಗ್ಲುಕೋಸ್ ಏರಿಸ್ಯಾರ, ಅದು ಇನ್ನಷ್ಟ ಕೆಡಿಸೇತಿ. ಈಗ ಇಂಜೆಕ್ಷನ್ ಕೊಡಾಕತ್ತೇವಿ. ಕಣ್ಣು ಸುಧಾರಿಸಬಹುದು. ನೆನಪಿಂದು ಹೇಳಾಕ ಬರಾಂಗಿಲ್ಲ."

ಕೆಲವು ದಿನಗಳಲ್ಲಿ ಕಣ್ಣಿನ ಅದುರಾಟ ನಿಂತಿತು. ನೆನಪು ಬರಲಿಲ್ಲ. ಪ್ರಣಾಲಿ ಕೇತನನನ್ನು ಡಾಕ್ಟರೆಂದು ತಿಳಿದು ಕೈಮುಗಿದಳು. ಅವನು ಹೊರಗೆ ಹೋಗಿ ಗೋಡೆಗೆ ಹಣೆ ಒತ್ತಿ ಅತ್ತ.

ಅಂದು ಕಿಟಕಿಯಾಚೆ ಕತ್ತಲಾಗಿತ್ತು. ರತ್ನಮಾಲಾ ನೀರಿನ ಲೋಟ ಹಿಡಿದಳು. ಪ್ರಣಾಲಿ ಬಾಗಿಲ ಕಡೆಗೊಮ್ಮೆ ಹೆದರಿ ನೋಡಿ ಗಟಗಟ ಕುಡಿದಳು. ಆಸ್ಪತ್ರೆಯ ಆಯಾಳನ್ನು ಕರೆಯುವಂತೆ ಕರೆದು, ಅತ್ತೆಯ ಕೈ ಹಿಡಿದು ಪಿಸುಗುಟ್ಟಿದಳು:

"ಮಾವಶಿ, ನಮ್ಮ ಅತ್ತಿಗೆ ಹೇಳಬ್ಯಾಡ್ರಿ."

"ಹೇಳಾಂಗಿಲ್ಲವ್ವ," ಎಂದು ರತ್ನಮಾಲಾ ಲೋಟವನ್ನು ಮತ್ತೆ ತುಂಬಿದಳು.