ಎರಡು ಯಂತ್ರ, ಒಂದೇ ಕಣ್ಣು

ಸಂಜೆಯಾದರೆ ಕಸ್ತೂರೆಮ್ಮನ ಮನೆಯಲ್ಲಿ ಅದೇ ಮಾತು.

"ಕಣ್ಣಿಗೆ ಹನಿ ಹಾಕ್ತೀನಿ, ಮಲ್ಕೋರಿ."

"ಆರಾಮಾಗೈತಿ ಅಂದ್ನೆಲ್ಲ. ಎಷ್ಟು ಸಲ ಹೇಳ್ಲಿ?"

ಗಂಡ ಜಂಬಣ್ಣ ಸಿಂಧನೂರಿನಲ್ಲಿ ಭತ್ತದ ವ್ಯಾಪಾರಿ. ಅವನಿಗೆ ಗ್ಲಾಕೋಮಾ ಇದೆಯೆಂದು ಊರಿನ ಕಣ್ಣಿನ ಡಾಕ್ಟರಮ್ಮ ಹೇಳಿ ಎರಡು ವರ್ಷ ದಾಟಿತ್ತು. ಕಣ್ಣೊಳಗಿನ ಒತ್ತಡದಿಂದ ನೋಟದ ನರ ಮೆಲ್ಲಗೆ ಸಾಯುವ ಕಾಯಿಲೆ ಅದು. ಹೆಚ್ಚಿನವರಿಗೆ ನೋವೇ ಇರುವುದಿಲ್ಲ. ಅದರ ಮೇಲೆ, ಜಂಬಣ್ಣನ ಕಣ್ಣಿನ ಮುಂಭಾಗದ ಗಾಜಿನಂಥ ಪರದೆ, ಅಂದರೆ ಕಾರ್ನಿಯಾ, ತೆಳುವಾಗಿತ್ತು: 496 ಮೈಕ್ರಾನ್, ಅರ್ಧ ಮಿಲಿಮೀಟರಿಗೂ ತುಸು ಕಡಿಮೆ. ಪರದೆ ತೆಳುವಾಗಿದ್ದರೆ ಕಣ್ಣಿನ ಒತ್ತಡ ಇರುವುದಕ್ಕಿಂತ ಕಡಿಮೆ ಕಾಣಿಸಬಹುದು, ಆದ್ದರಿಂದ ಹನಿ ಒಂದು ದಿನವೂ ತಪ್ಪಿಸಬೇಡಿ ಎಂದಿದ್ದರು ಡಾಕ್ಟರಮ್ಮ.

ಅಂದಿನಿಂದ ಹನಿ ಹಾಕುತ್ತಿದ್ದವಳು ಕಸ್ತೂರೆಮ್ಮ. ತಾನೇ ಹಾಕಿಕೊಂಡರೆ ಅರ್ಧ ಗಲ್ಲಕ್ಕೆ, ಅರ್ಧ ಮೀಸೆಗೆ ಎನ್ನುವ ಆಸಾಮಿ ಅವನು.

ಮೂರು ತಿಂಗಳ ಹಿಂದೆ ಲಿಂಗಸುಗೂರಿಗೆ ಬೀಗರ ಮನೆಗೆ ಹೋದವನು ಅಲ್ಲಿನ ಆಸ್ಪತ್ರೆಯೊಂದರಲ್ಲಿ ಕಣ್ಣು ತೋರಿಸಿಕೊಂಡು ಬಂದ. ಅಲ್ಲಿ ಒತ್ತಡ ಹಿಡಿತದಲ್ಲಿತ್ತು. ಪರದೆಯ ದಪ್ಪ 515 ಬಂದಿತ್ತು. 'ಹನಿ ಮುಂದುವರಿಸಿ' ಎಂದು ಅವರು ಹೇಳಿದ್ದು ಅವನ ತಲೆಗೆ ಹೋಗಲಿಲ್ಲ. 515 ಮಾತ್ರ ಹೋಯಿತು.

"ನೋಡಲೇ, ತೆಳ್ಳಂದು ದಪ್ಪಾಗೈತಿ. ಹನಿ ತನ್ನ ಕೆಲಸ ಮುಗಿಸೇತಿ. ಭತ್ತ ಕೊಯ್ದ ಮ್ಯಾಲೂ ಗದ್ದಿಗೆ ಕಾಲುವೆ ನೀರು ಬಿಡ್ತಾರೇನು?"

ಅಂದೇ ಹನಿ ನಿಂತಿತು. ಕಸ್ತೂರೆಮ್ಮ ಮೊದಮೊದಲು ಜಗಳವಾಡಿದಳು, ಆಮೇಲೆ ಬೇಡಿಕೊಂಡಳು. ಈಗ ಬರೀ ಕೇಳುತ್ತಿದ್ದಳು, ಉತ್ತರ ಗೊತ್ತಿದ್ದೂ.

ಭಾನುವಾರ ಅವಳ ಅಣ್ಣನ ಮಗಳು ಶಿವಕುಮಾರಿ ಬಂದಳು. ಮಸ್ಕಿಯ ಕಣ್ಣಿನ ದವಾಖಾನೆಯೊಂದರಲ್ಲಿ ತಪಾಸಣೆಯ ಕೆಲಸ ಅವಳದು.

"ಅತ್ತಿ, ಯಾಕ ಇಷ್ಟು ಸೊರಗೀದಿ?"

"ಹೇಳೀ ಹೇಳೀ ಬಾಯಿ ಸವದೈತವ್ವಾ. ಇನ್ನ ನೀ ಹೇಳು, ನನ್ನ ಕೈಲಿ ಆಗಂಗಿಲ್ಲ."

ಶಿವಕುಮಾರಿ ಸಂಗತಿ ಕೇಳಿಕೊಂಡು ಮಾವನ ಎದುರು ಕುಳಿತಳು.

"ಮಾವಾ, ಸಿಂಧನೂರಾಗ ಹೆಂಗ ಅಳದ್ರು?"

"ಗದ್ದ ಇಟ್ಟು ಕುಂದ್ರು ಅಂದ್ರು. ಫಕ್ಕನ ಬೆಳಕು ಬಂತು. ಮುಗೀತು."

"ಲಿಂಗಸುಗೂರಾಗ?"

"ಅಲ್ಲಿ ಕಣ್ಣು ಜೋಮು ಹಿಡಿಯೋ ಹನಿ ಬಿಟ್ಟು, ಪೆನ್ನಿನಂಥಾದ್ದು ತಂದು ಮುಟ್ಟಿಸಿದ್ರು. ಅದು ಖರೇ ಅಳತಿ! ಮುಟ್ಟಿ ನೋಡಿದ್ದು ಖರೇನೋ, ದೂರ ನಿಂತು ನೋಡಿದ್ದೋ? ನಾ ಭತ್ತ ಮುಷ್ಟ್ಯಾಗ ಹಿಡೀಲಾರದ ಎಂದರ ತಗೊಂಡೀನೇನು?"

"ಎರಡೂ ಖರೇನ ಮಾವಾ. ಒಂದು ಬೆಳಕಿನಿಂದ ಚಿತ್ರ ತಗದು ಅಳೀತೈತಿ, ಇನ್ನೊಂದು ನಮ್ಮ ಕಿವಿಗೆ ಕೇಳಲಾರದ ಸದ್ದಿನಿಂದ. ದಾರಿ ಬ್ಯಾರೆ, ಅದಕ್ಕ ಅಂಕಿ ಒಂದೀಟು ಆಚೀಚೆ. ಪೆನ್ನು ನಟ್ಟನಡುವ ಮುಟ್ಟದಿದ್ರೂ ಫರಕು ಬರತೈತಿ."

"ಒಂದೀಟಲ್ಲಲೇ, ಹತ್ತೊಂಬತ್ತು!"

"ಹತ್ತೊಂಬತ್ತು ಮೈಕ್ರಾನ್ ಅಂದ್ರ ತಲಿಕೂದಲಿಗಿಂತ ಸಣ್ಣದು. ಅದು ಬಿಡ್ರಿ. ದಢೇಸುಗೂರಿನ ರೈತ ಒಬ್ಬಾಂವ ಅಲ್ಲೇ ತೇವ ಅಳಿಯೋ ಮೀಟರಿಗೆ ಹಾಕಿ ಭತ್ತ ತಂದ ಅನ್ರಿ, ತೇವ ನೂರಕ್ಕ ಹದಿನೇಳು. ನಿಮ್ಮ ಅಂಗಡ್ಯಾಗ ಹದಿನೆಂಟು ತೋರಿಸ್ತು. ದಾರ್ಯಾಗ ಭತ್ತ ನೆನೀತೇನು?"

"ಹುಚ್ಚಿ! ಭತ್ತ ಯಾಕ ನೆನೀತೈತಿ? ಮೀಟರ್ ಬ್ಯಾರೆ ಅಲ್ಲೇನು? ನನ್ನ ಅಂಗಡ್ಯಾಗ ನನ್ನ ಮೀಟರ್..." ಎಂದವನು ಅಲ್ಲಿಗೇ ನಿಂತ.

ಶಿವಕುಮಾರಿ ಮುಗುಳ್ನಕ್ಕಳು. ಕಸ್ತೂರೆಮ್ಮನಿಗೆ ನಗಲೂ ತ್ರಾಣವಿರಲಿಲ್ಲ.

"ಹಂಗಾರ ಪರದಿ ದಪ್ಪಾಗಿಲ್ಲೇನು?" ಎಂದು ಕೇಳಿದ ಜಂಬಣ್ಣ.

"ಅದನ್ನ ಕುಂತಲ್ಲೇ ನಾ ಹೇಳಾಕ ಬರಂಗಿಲ್ಲ. ಮೊದಲಿನ ಯಂತ್ರದಾಗ ಮತ್ತ ಅಳಸ್ರಿ. ಮತ್ತ ಪರದಿ ದಪ್ಪ ಆಗ್ಲಿ ಅಂತ ಯಾರೂ ಹನಿ ಕೊಡಂಗಿಲ್ಲ. ಅದು ಒತ್ತಡ ಇಳಸಾಕ. ಲಿಂಗಸುಗೂರಾಗ ಒತ್ತಡ ಸರಿ ಬಂದದ್ದ ಹನಿ ಪುಣ್ಯಾದಿಂದ."

ಮರುದಿನ ಗಂಡ ಹೆಂಡತಿ ಡಾಕ್ಟರಮ್ಮನ ಬಳಿ ಹೋದರು. ಅದೇ ಯಂತ್ರದಲ್ಲಿ 497 ಬಂತು. ಪರದೆ ಇದ್ದ ಹಾಗೇ ಇತ್ತು. ಒತ್ತಡ ಮಾತ್ರ ಏರಿತ್ತು. ನೋಟದ ಹರವು ಪರೀಕ್ಷಿಸಿದಾಗ ಎಡಗಣ್ಣಿನ ಒಂದು ಮೂಲೆ ಮಸುಕಾಗಿರುವುದು ಕಂಡಿತು. ಹಿಂದಿನ ಪರೀಕ್ಷೆಯಲ್ಲಿ ಆ ಮಸುಕು ಇರಲಿಲ್ಲ.

"ತಿರುಗಿ ಬರತೈತೇನ್ರಿ?" ಜಂಬಣ್ಣನ ದನಿ ಸಣ್ಣದಾಗಿತ್ತು.

"ಹೋದದ್ದು ಬರೋದಿಲ್ಲ. ಉಳಿದದ್ದನ್ನ ಉಳಿಸಿಕೊಳ್ಳಬಹುದು. ಹೊಸ ಹನಿ ಬರೆದುಕೊಡ್ತೀನಿ, ಇವತ್ತೇ ಶುರು ಮಾಡಿ," ಎಂದರು ಡಾಕ್ಟರಮ್ಮ.

ಕಸ್ತೂರೆಮ್ಮ ಬೈಯಲಿಲ್ಲ. ಬೈಗುಳವೆಲ್ಲ ಎಂದೋ ಖರ್ಚಾಗಿತ್ತು. ಮನೆಗೆ ಬಂದ ಮೇಲೆ ಜಂಬಣ್ಣ ತಾನಾಗಿಯೇ ಮಂಚದ ಮೇಲೆ ಅಂಗಾತ ಮಲಗಿದ. ಅವಳು ರೆಪ್ಪೆ ಬಿಡಿಸಿ ಹನಿ ಬಿಟ್ಟಳು.

"ನಾಳೆನೂ ನೆನಪು ಮಾಡ್ತಿ ಹೌದಿಲ್ಲೋ?" ಎಂದ, ಕಣ್ಣು ಮುಚ್ಚಿಕೊಂಡೇ.

"ನೆನಪು ಮಾಡಿ ಮಾಡಿ ಸಾಕಾಗೈತಿ ನನಗ. ನಾಳಿಂದ ನೀವ ಕರೀರಿ, ನಾ ಬರ್ತೀನಿ."

ಮರುಸಂಜೆ ಅವಳು ಅಂಗಳದಲ್ಲಿ ಸುಮ್ಮನೆ ಕುಳಿತಿದ್ದಳು. ಒಳಗಿನಿಂದ ಅವನು ಕರೆದ.

ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ, ಕಾರ್ನಿಯಾದ ದಪ್ಪ ಅಳೆಯುವ ವಿಧಾನಗಳು ಹಲವು. ಒಂದು ಯಂತ್ರದ ಅಂಕಿಯನ್ನು ಇನ್ನೊಂದರ ಅಂಕಿಗೆ ನೇರವಾಗಿ ಹೋಲಿಸಬೇಡಿ. ಆದಷ್ಟೂ ಒಂದೇ ಬಗೆಯ ಯಂತ್ರದಲ್ಲಿ ಅಳೆಸಿಕೊಳ್ಳಿ. ಬೇರೆ ಊರಿನಲ್ಲಿ ತೋರಿಸುವುದಾದರೆ ಹಳೆಯ ವರದಿ ಒಯ್ಯಿರಿ, ಯಾವ ವಿಧಾನದಲ್ಲಿ ಅಳೆದರು ಎಂದು ಕೇಳಿ. ನಲವತ್ತು ದಾಟಿದವರು, ಮನೆತನದಲ್ಲಿ ಗ್ಲಾಕೋಮಾ ಇರುವವರು ನೋವು ಬರಲಿ ಎಂದು ಕಾಯದೆ ಕಣ್ಣು ತೋರಿಸಿ. ಹನಿ ನಿಲ್ಲಿಸುವ ಮಾತು ವೈದ್ಯರ ಬಾಯಿಂದಲೇ ಬರಲಿ. ನಿಮ್ಮ ಮನೆಯಲ್ಲೂ ಹನಿ ಹಾಕಿಸಿಕೊಳ್ಳುವವರಿದ್ದರೆ ಇಂದೇ ಕೇಳಿ. ನಿಲ್ಲಿಸಿದ್ದರೆ, ನಾಳೆ ಬೆಳಿಗ್ಗೆ ಅವರನ್ನು ಆಸ್ಪತ್ರೆಗೆ ಕರೆದೊಯ್ಯಿರಿ.